ನೆಕ್ಕರೆಪದವಿನ ಫೈರ್ ಫೋಟೋ ಕ್ಲಬ್

ಪಾಗಾರದ ಸಂದಿಯಿಂದ ಬೆಂಕಿಯ ಒಂದು ಎಳೆ ಆಚೆಗೆ ದಾಟುತ್ತಿತ್ತು. ಟೆರೇಸಿನ ಮೇಲೆ ನಿಂತಿದ್ದ ಸ್ವೀಡಲ್ ಮಮ್ಮಿಯ ಫೋನನ್ನು ಅಡ್ಡ ಹಿಡಿದು ಅದರ ಫೋಟೋ ತೆಗೆದಳು.

ಬೆಂಕಿ ತೀರ ಚಿಕ್ಕದು. ಕಿರುಬೆರಳಿನಷ್ಟೂ ಎತ್ತರವಿರಲಿಲ್ಲ. ಒಣ ಎಲೆಯಿಂದ ಎಲೆಗೆ ಮೆಲ್ಲನೆ ಹಾರಿ, ಪಾಗಾರದ ಗೋಡೆಯ ಕೆಂಪುಕಲ್ಲಿನ ಎರಡು ಸಾಲುಗಳ ನಡುವೆ ನುಸುಳಿ ಹೋಗುತ್ತಿತ್ತು. ನೋಡಲು ಎಷ್ಟು ಚಂದ ಎಂದು ಸ್ವೀಡಲ್‌ಗೆ ಅನ್ನಿಸಿತು. ಪಪ್ಪ ಕೆಳಗೆ ತೋಟದಲ್ಲೇ ಇರಬೇಕು ಎಂದೂ ಅನ್ನಿಸಿತು.

ಪಪ್ಪ ತೋಟದಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರು.

ಅದು ಗೇರುಬೀಜದ ಕಾಲ. ಮರದಡಿಯ ತರಗೆಲೆಯನ್ನು ಗುಡಿಸಿ ಸುಟ್ಟರೆ ಬಿದ್ದ ಬೀಜ ಕಣ್ಣಿಗೆ ಕಾಣುತ್ತದೆ. ಆ ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಸ್ವೀಡಲ್‌ನ ಪಪ್ಪ ವ್ಯಾಲೆಂಟೈನ್ ಕೂಡ ಆ ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರೇ ಲುಂಗಿ ಉಟ್ಟು, ಎಲೆ ರಾಶಿ ಮಾಡಿ ಬೆಂಕಿ ಕೊಟ್ಟಿದ್ದರು. ಹೊಗೆಯೊಳಗೆ ಬಿಸಿಲುಕೋಲು ಇಳಿಯುವುದನ್ನು ಕಂಡು ಸ್ವೀಡಲ್ ಟೆರೇಸಿಗೆ ಹತ್ತಿ ಫೋಟೋ ತೆಗೆದಿದ್ದಳು. ರಾಶಿ, ಅದರ ಪಕ್ಕದಲ್ಲಿ ಬೆಂಕಿ ಬಡಿಯಲು ಮರದಿಂದ ಮುರಿದ ಸೊಪ್ಪಿನ ಗೆಲ್ಲು ಹಿಡಿದು ನಿಂತ ಪಪ್ಪ. ಆಮೇಲೆ ಊಟ. ಪಪ್ಪ ಒಳಗೆ ಬರುವ ಮೊದಲೇ ಉಂಡು ಮುಗಿಸಿ ಅವಳು ಮತ್ತೆ ಮೇಲಕ್ಕೆ ಓಡಿ ಬಂದಿದ್ದಳು.

ಆಗ ಗಾಳಿ ಬೀಸಿತು.

ಪಾಗಾರದ ಆಚೆ ಇರುವುದು ನೆಕ್ಕರೆಪದವು, ಗುಡ್ಡದ ಮೇಲಿನ ಬಯಲು. ಅಲ್ಲಿ ಮನೆಯಿಲ್ಲ, ಮರವಿಲ್ಲ. ಕಪ್ಪು ಪಾರೆಕಲ್ಲು, ಅದರ ಸುತ್ತ ಸೊಂಟದೆತ್ತರಕ್ಕೆ ಒಣಗಿ ನಿಂತ ಮುಳಿಹುಲ್ಲು. ಆ ಕಿರುಬೆರಳಿನಷ್ಟರ ಬೆಂಕಿ ಹುಲ್ಲಿನ ಬುಡಕ್ಕೆ ತಾಗಿತು. ಒಂದು ಕ್ಷಣ ಕಾಣೆಯಾಯಿತು. ಮರುಕ್ಷಣ ಮನೆಯ ಮಾಡಿಗಿಂತಲೂ ಎತ್ತರಕ್ಕೆ ಎದ್ದು ನಿಂತಿತು.

ಸಾವಿರ ಜನ ಒಟ್ಟಿಗೆ ಹಳೆಯ ಬಟ್ಟೆ ಹರಿದಂಥ ಸದ್ದು. ಬೆಂಕಿ ನಡೆಯುತ್ತಿರಲಿಲ್ಲ, ಅಲೆಯ ಹಾಗೆ ಮಗುಚಿ ಮಗುಚಿ ಬೀಳುತ್ತಿತ್ತು. ಅದರ ಮುಂದೆ ಮಿಡತೆಗಳು ಹಾರಿದವು. ಅವನ್ನು ಹಿಡಿಯಲು ಎಲ್ಲಿಂದಲೋ ಗಿಡುಗಗಳು ಬಂದು ಹೊಗೆಯೊಳಕ್ಕೇ ಧುಮುಕಿ ಮೇಲೇಳುತ್ತಿದ್ದವು. ಆಕಾಶ ಹಳದಿಯಾಯಿತು. ನಡುಮಧ್ಯಾಹ್ನದ ಸೂರ್ಯ ತಾಮ್ರದ ತಟ್ಟೆಯಂತೆ ಮಂಕಾದ. ಅವನನ್ನು ಕಣ್ಣು ಕಿರಿದಾಗಿಸದೆ ನೇರವಾಗಿ ನೋಡಬಹುದಾಗಿತ್ತು.

ಅವಳ ಬೆರಳು ಮಾತ್ರ ಒತ್ತುತ್ತಲೇ ಇತ್ತು.

"ಸ್ವೀಡಲ್! ಕೆಳಗೆ ಇಳಿ! ಫೋನ್ ಕೊಡು ಇಲ್ಲಿ, ಫೈರ್ ಫೋರ್ಸಿಗೆ ಮಾಡ್ಬೇಕು!" ಎಂದು ಮಮ್ಮಿ ಎಮಿಲಿಯಾ ಕೂಗುತ್ತ ಮೆಟ್ಟಿಲು ಹತ್ತಿ ಬಂದರು. ಪಪ್ಪ ಎಂಜಲು ಕೈಯಲ್ಲೇ ಗೆಲ್ಲು ಮುರಿದುಕೊಂಡು ಪದವಿನತ್ತ ಓಡುತ್ತಿದ್ದರು. ಮಮ್ಮಿ ಫೈರ್ ಫೋರ್ಸಿಗೆ ಹೇಳಿ ಮುಗಿಸಿದ ಮೇಲೆ ಸ್ವೀಡಲ್ ಮತ್ತೆ ಫೋನು ತೆಗೆದುಕೊಂಡು ಟೆರೇಸಿನಲ್ಲೇ ನಿಂತಳು.

ಉಪ್ಪಳದಿಂದ ಫೈರ್ ಇಂಜಿನ್ ಗಂಟೆ ಬಾರಿಸುತ್ತ ಬಂತು. ಆದರೆ ಪದವಿನ ಬುಡದಲ್ಲಿ ಅದು ನಿಲ್ಲಬೇಕಾಯಿತು. ರಸ್ತೆಯ ತುಂಬ ಬೈಕು, ಕಾರು, ಆಟೋ. ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಫೋನು. ಊರು ಸುಡುವುದನ್ನು ನೋಡಲು ಬಂದ ಜನ, ಅದನ್ನು ನಂದಿಸಲು ಬಂದವರಿಗೆ ದಾರಿ ಬಿಡಲಿಲ್ಲ. ಒಬ್ಬನಂತೂ ಬೆಂಕಿಗೆ ಬೆನ್ನು ಹಾಕಿ ನಿಂತು, ನಗುತ್ತ ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದ.

ಇಂಜಿನಿನಿಂದ ಖಾಕಿ ಉಡುಪಿನ ಒಬ್ಬ ಹೆಂಗಸು ಹಾರಿ ಇಳಿದಳು.

"ಫೋಟೋ ಆಮೇಲೆ! ಮೊದಲು ಗಾಡಿ ಆಚೆ ಮಾಡಿ! ಕೇಳ್ತದಾ ಇಲ್ವಾ?" ಅವಳ ಸ್ವರ ಸ್ವೀಡಲ್‌ನ ಟೆರೇಸಿನವರೆಗೂ ಕೇಳಿತು.

ಪಾರೆಯ ಮೇಲೆ ಇಂಜಿನ್ ಹತ್ತಲಿಲ್ಲ. ಅವರೆಲ್ಲ ಹಸಿರು ಗೆಲ್ಲುಗಳನ್ನು ಕಡಿದುಕೊಂಡು ಸಾಲಾಗಿ ನಿಂತು ಬೆಂಕಿಯ ಅಂಚನ್ನು ಬಡಿಯುತ್ತ ಬಡಿಯುತ್ತ ನಡೆದರು. ಸಂಜೆ ಬೆಂಕಿ ನಂದಿದಾಗ ನೆಕ್ಕರೆಪದವು ಈ ತುದಿಯಿಂದ ಆ ತುದಿಯವರೆಗೆ ಕಪ್ಪಾಗಿತ್ತು. ಅಷ್ಟು ದೊಡ್ಡ ಕಪ್ಪು ಬಣ್ಣವನ್ನು ಸ್ವೀಡಲ್ ಕಂಡೇ ಇರಲಿಲ್ಲ.

ಗೇಟಿನ ಬಳಿ ಜನ ಸೇರಿದರು. ಮುಖವೆಲ್ಲ ಮಸಿಯಾಗಿದ್ದ ಪಪ್ಪ ಹೇಳಿದರು: "ಯಾರೋ ಮಕ್ಕಳು ಪದವಿನಲ್ಲಿ ಬೀಜ ಸುಟ್ಟದ್ದಾಗಿರ್ಬೇಕು. ಇಲ್ಲದಿದ್ರೆ ಎಲ್ಲಿಂದ ಬರ್ತದೆ ಬೆಂಕಿ?"

ಎಲ್ಲರೂ ತಲೆಯಾಡಿಸಿದರು. ವ್ಯಾಲೆಂಟೈನ್ ಶಾಲೆಯ ಪಿಟಿಎ ಉಪಾಧ್ಯಕ್ಷರು. ಅವರ ಮಾತಿಗೆ ತೂಕ ಉಂಟು.

* * *

"ಸ್ವೀಡಲ್, ನೀನು ತೆಗೆದ ಫೋಟೋ ನನ್ನ ಅಕ್ಕನ ಸ್ಟೇಟಸ್‌ನಲ್ಲಿ ಉಂಟು ಮಾರಾಯ್ತಿ!" ಎಂದು ಸೋಮವಾರ ಶಾಲೆಯ ಮೆಟ್ಟಿಲಲ್ಲೇ ಶ್ರೀರಂಜಿನಿ ಅವಳ ಕೈ ಹಿಡಿದಳು.

ಮಮ್ಮಿ ಒಂದು ಫೋಟೋವನ್ನು ಸ್ಟೇಟಸ್ ಹಾಕಿದ್ದರು. ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗಿ ಊರಿಡೀ ತಿರುಗಿತ್ತು. ಸತ್ಯವತಿ ಟೀಚರ್ ಕೂಡ ತಮ್ಮ ಫೋನು ಹಿಡಿದುಕೊಂಡೇ ಕ್ಲಾಸಿಗೆ ಬಂದರು. ಅವರ ಮುಖ ಅರಳಿತ್ತು.

"ಮಕ್ಕಳೇ, ಈ ಫೋಟೋ ನೋಡಿ. ಒಂದೊಂದೇ ಬೆಂಚಿಗೆ ದಾಟಿಸಿ. ನಮ್ಮ ಪದವು ಪ್ರತಿ ವರ್ಷ ಸುಡ್ತದೆ. ಇಷ್ಟು ವರ್ಷದಲ್ಲಿ ಯಾರಾದರೂ ಅದನ್ನು ಸರಿಯಾಗಿ ಫೋಟೋ ತೆಗೆದಿಟ್ಟಿದ್ದಾರಾ? ಇಲ್ಲ. ಶಾಲೆಯಲ್ಲಿ ಇಕೋ ಕ್ಲಬ್ ಉಂಟು, ಗಣಿತ ಕ್ಲಬ್ ಉಂಟು. ಇನ್ನು ಫೈರ್ ಫೋಟೋ ಕ್ಲಬ್ ಕೂಡ ಇರ್ಲಿ. ಶುಕ್ರವಾರ ಉದ್ಘಾಟನೆ. ಫೈರ್ ಫೋರ್ಸಿನವರನ್ನು ಕರೆಯುವಾ. ಸ್ವೀಡಲ್ ಲೀಡರ್!"

ಕ್ಲಾಸು ಚಪ್ಪಾಳೆ ತಟ್ಟಿತು. ಸ್ವೀಡಲ್‌ನ ಕಿವಿ ಬಿಸಿಯಾಯಿತು. ಇಡೀ ವರ್ಷದಲ್ಲಿ ಅವಳು ಯಾವುದಕ್ಕೂ ಲೀಡರ್ ಆಗಿರಲಿಲ್ಲ.

ಫೋನು ಮೂರನೆಯ ಬೆಂಚಿಗೆ ಬಂದಾಗ ಶ್ರೀರಂಜಿನಿ ಅದನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಟೀಚರ್, ಇದರಲ್ಲಿ ಯಾರೋ ಇದ್ದಾರೆ. ಅಂಗಿಯ ಬೆನ್ನಲ್ಲಿ ಹತ್ತು ನಂಬರ್ ಉಂಟು. ಅಯ್ಯೋ, ಇದು ವಿಜೇತ್ ಅಲ್ವಾ?"

ಎಲ್ಲರ ತಲೆಯೂ ಕೊನೆಯ ಬೆಂಚಿನ ಕಡೆ ತಿರುಗಿತು. ವಿಜೇತ್ ಎದ್ದು ನಿಂತ.

"ನೀನು ಅಲ್ಲಿ ಎಂತ ಮಾಡ್ತಿದ್ದದ್ದು?" ಟೀಚರ್ ಕೇಳಿದರು.

"ಬೆಂಕಿ ನಂದಿಸ್ತಿದ್ದದ್ದು ಟೀಚರ್."

"ನೀನು ಮತ್ತು ಯಾರು, ಹನ್ನೊಂದು ನಂಬರಿನವನಾ?" ಎಂದು ಯಾರೋ ಹೇಳಿದರು. ಕ್ಲಾಸು ನಕ್ಕಿತು.

ಟೀಚರ್ ನಗಲಿಲ್ಲ. "ಕೈ ತೋರಿಸು."

ವಿಜೇತ್ ಕೈ ಚಾಚಿದ. ಬೆರಳ ತುದಿಗಳು ಕಪ್ಪಾಗಿ, ಚರ್ಮ ಸುಲಿದಿತ್ತು.

"ಬೀಜದ ಸೊನೆ. ಸುಟ್ಟದ್ದಾ?"

"ಸುಟ್ಟದ್ದು ಹೌದು ಟೀಚರ್. ಆದ್ರೆ ಅದು ಶುಕ್ರವಾರ, ನಮ್ಮ ಮನೆ ಅಂಗಳದಲ್ಲಿ."

"ವ್ಯಾಲೆಂಟೈನ್ ಅವರೇ ಹೇಳಿದ್ದಾರಂತೆ, ಮಕ್ಕಳು ಬೀಜ ಸುಟ್ಟದ್ದೂಂತ. ಫೋಟೋದಲ್ಲಿ ನೀನಿದ್ದಿ. ಕೈಯಲ್ಲಿ ಸೊನೆ ಉಂಟು. ಇನ್ನೆಂತ ಬೇಕು? ಬೆಂಕಿ ಕೊಟ್ಟವನಿಗೆ ಈ ಕ್ಲಬ್ಬಿನಲ್ಲಿ ಜಾಗ ಇಲ್ಲ. ನಾಳೆ ಅಪ್ಪನನ್ನು ಕರ್ಕೊಂಡು ಬಾ."

ಮಾರ್ಚ್ ತಿಂಗಳಲ್ಲಿ ಆ ಕ್ಲಾಸಿನ ಯಾವ ಮಗುವಿನ ಕೈಯನ್ನು ನೋಡಿದ್ದರೂ ಅದೇ ಕಪ್ಪು ಕಾಣುತ್ತಿತ್ತು. ಆದರೆ ಉಳಿದವರ ಕೈಯನ್ನು ಯಾರೂ ನೋಡಲಿಲ್ಲ. ಸ್ವೀಡಲ್ ತನ್ನ ಬೆರಳುಗಳನ್ನು ಡೆಸ್ಕಿನ ಅಡಿಗೆ ಎಳೆದುಕೊಂಡಳು. ಪಾಗಾರದ ಸಂದಿಯಿಂದ ದಾಟಿದ ಆ ಚಿಕ್ಕ ಬೆಂಕಿ ಅವಳ ಕಣ್ಣ ಮುಂದೆ ಬಂತು. ಬಾಯಿ ತೆರೆದಳು. 'ಪಪ್ಪ' ಎನ್ನುವ ಶಬ್ದ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

* * *

ಮರುದಿನ ನೀರು ಕುಡಿಯಲು ಹೋದಾಗ ಸ್ಟಾಫ್ ರೂಮಿನ ಕಿಟಕಿಯಿಂದ ಅವಳು ಒಂದು ದೃಶ್ಯ ಕಂಡಳು.

ವಿಜೇತ್‌ನ ಅಪ್ಪ ಮುದ್ದಣ್ಣ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಕೆಲಸ ಮಾಡುವವರು. ಅರ್ಧ ಕೆಲಸ ಬಿಟ್ಟು ಬಂದಿರಬೇಕು, ಹುಬ್ಬಿನ ಮೇಲೆಲ್ಲ ಕೆಂಪು ಧೂಳಿತ್ತು. ಅಲ್ಲಿ ಖಾಲಿ ಕುರ್ಚಿಗಳಿದ್ದವು. ಕೂತುಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ತಪ್ಪಾಯ್ತು ಟೀಚರ್. ಚಿಕ್ಕವ ಅಲ್ವಾ, ಇನ್ನು ಮಾಡ್ಲಿಕ್ಕಿಲ್ಲ," ಎಂದು ಅವರು ಕೈ ಮುಗಿದರು.

"ಅಪ್ಪಾ, ನಾನು ಮಾಡ್ಲೇ ಇಲ್ಲ."

"ನೀನು ಸುಮ್ಮನಿರು."

ಮಾಡದ ತಪ್ಪಿಗೆ ಒಬ್ಬ ದೊಡ್ಡವರು ಕೈ ಮುಗಿಯುವುದನ್ನು ಸ್ವೀಡಲ್ ಅದುವರೆಗೆ ನೋಡಿರಲಿಲ್ಲ.

ಹೊರಗೆ ಬಂದ ಮುದ್ದಣ್ಣ ಅವಳನ್ನು ಗುರುತಿಸಿ ನಿಂತರು. ಕೋಪದಿಂದ ಏನಾದರೂ ಹೇಳುತ್ತಾರೆ ಎಂದು ಅವಳು ಗೋಡೆಗೆ ಒರಗಿದಳು.

"ಆ ಫೋಟೋ ತೆಗೆದದ್ದು ನೀನಾ? ಭಾರೀ ಲಾಯ್ಕ ಬಂದಿದೆ ಮಗಾ," ಎಂದರು ಅವರು, ಮೆಲ್ಲನೆ ನಡೆದುಹೋದರು.

ಅವರು ಬೈದಿದ್ದರೇ ಚೆನ್ನಾಗಿತ್ತು.

* * *

ಸಂಜೆ ಪಪ್ಪ ಸಿಟ್‌ಔಟಿನಲ್ಲಿ ಕೂತು ಶುಕ್ರವಾರದ ಭಾಷಣವನ್ನು ಬಾಯಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಉದ್ಘಾಟನೆಗೆ ಅವರೇ ಅಧ್ಯಕ್ಷರು.

ಸ್ವೀಡಲ್ ಮಮ್ಮಿಯ ಫೋನನ್ನು ಅವರ ಮುಂದೆ ಹಿಡಿದಳು. "ಪಪ್ಪ, ಇದನ್ನು ನೋಡಿ."

"ಹ್ಞಾಂ, ಇದು ನಾನು. ಎಲೆ ಸುಡುವಾಗ." ಪಪ್ಪ ನಕ್ಕು ಮುಂದಿನದಕ್ಕೆ ಹೋದರು. ಅದರಲ್ಲಿ ರಾಶಿ ಇತ್ತು, ಸಣ್ಣ ಹೊಗೆ ಇತ್ತು, ಪಪ್ಪ ಇರಲಿಲ್ಲ. ಅದರ ಮುಂದಿನದರಲ್ಲಿ ಪಾಗಾರದ ಸಂದಿ ಇತ್ತು.

ಪಪ್ಪನ ನಗು ನಿಂತಿತು.

"ನಾನು ನಂದಿಸಿಯೇ ಊಟಕ್ಕೆ ಬಂದದ್ದು."

"ನೀವು ಊಟ ಮಾಡುವಾಗ ತೆಗೆದದ್ದು ಪಪ್ಪ ಇದು."

ಪಪ್ಪ ಎರಡು ಬೆರಳುಗಳಿಂದ ಫೋಟೋವನ್ನು ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು, ಮತ್ತೆ ದೊಡ್ಡದು ಮಾಡಿದರು. ಹೇಗೆ ಮಾಡಿದರೂ ಬೆಂಕಿ ಅಲ್ಲೇ ಇತ್ತು.

"ಇದನ್ನು ಯಾರಿಗಾದ್ರೂ ತೋರಿಸಿದ್ದೀಯಾ?"

"ಇಲ್ಲ."

"ಡಿಲೀಟ್ ಮಾಡು."

ಸ್ವೀಡಲ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಕೇಳಿತಾ ಬಾಯೇ, ಮಗಳೇ? ಊರಿಡೀ ನನ್ನನ್ನು ಎಂತ ಹೇಳ್ಬಹುದು? ಕೇಸಾದ್ರೆ? ಆ ಹುಡುಗನಿಗಾದ್ರೆ ಒಂದು ಬೈಗುಳದಲ್ಲಿ ಮುಗೀತದೆ. ಮಕ್ಕಳ ತಪ್ಪನ್ನು ಜನ ನಾಳೆಗೆ ಮರೀತಾರೆ."

"ಅವನ ಅಪ್ಪ ಕೈ ಮುಗಿದರು ಪಪ್ಪ. ನಿಂತುಕೊಂಡೇ." ಅವಳು ಪಾಗಾರದ ಫೋಟೋದ ಮೇಲೆ ಬೆರಳಿಟ್ಟಳು. "ಮತ್ತೆ... ನಾನೂ ಬೆಂಕಿಯನ್ನು ನೋಡಿದ್ದೆ. ಚಂದ ಉಂಟೂಂತ ಫೋಟೋ ತೆಗೆದೆ. ನಿಮ್ಮನ್ನು ಕರೀಲಿಲ್ಲ."

ಪಪ್ಪ ಫೋನನ್ನು ಅವಳ ಕಡೆ ಚಾಚಿದರು.

"ಪೂರ್ತಿ ನೋಡಿ. ಆಮೇಲೆ ನೀವು ಹೇಳಿದ ಹಾಗೆ ಮಾಡ್ತೇನೆ."

ಪಪ್ಪ ಒಂದೊಂದಾಗಿ ನೋಡುತ್ತ ಹೋದರು. ಬೆಂಕಿ ಎದ್ದು ನಿಂತದ್ದು. ಗಿಡುಗಗಳು. ತಾಮ್ರದ ಸೂರ್ಯ. ಹೊಗೆಯ ಒಳಗೇ ಇದ್ದುದರಿಂದ ಅವರಿಗೆ ಇದೊಂದೂ ಕಂಡಿರಲಿಲ್ಲ. "ಯೇಸುವೇ," ಎಂದು ಅವರು ಉಸಿರೆಳೆದುಕೊಂಡದ್ದು ಸ್ವೀಡಲ್‌ಗೆ ಕೇಳಿಸಿತು.

ಒಂದು ಫೋಟೋದಲ್ಲಿ ಅವರ ಬೆರಳು ನಿಂತಿತು. ಹತ್ತು ನಂಬರಿನ ಅಂಗಿ. ಎತ್ತಿದ ಕೈಯಲ್ಲಿ ಗೆಲ್ಲು. ಅವನ ಬೆನ್ನ ಹಿಂದೆಯೇ ನೀಲಿ ಪೈಪು, ತಗಡಿನ ಮಾಡು. ಅದು ಅವರದೇ ಪಂಪ್‌ಶೆಡ್. ಶಾಲೆಯ ಫೋನುಗಳಲ್ಲಿ ತಿರುಗಿದ ಫೋಟೋದಲ್ಲಿ ಪಂಪ್‌ಶೆಡ್ ಕಾಣುತ್ತಿರಲಿಲ್ಲ. ಇದರಲ್ಲಿ ಕಾಣುತ್ತಿತ್ತು.

"ನಾನು ಆಚೆ ಬದಿಯಲ್ಲಿದ್ದೆ," ಎಂದರು ಪಪ್ಪ. ಯಾರಿಗೆ ಹೇಳಿದರೋ ತಿಳಿಯದು. "ಶೆಡ್ಡಿಗೆ ಹೇಗೆ ಬೆಂಕಿ ಹಿಡೀಲಿಲ್ಲಾಂತ ಗ್ರಹಿಸ್ತಾ ಇದ್ದೆ."

ಅವರು ಫೋನನ್ನು ಕವುಚಿ ಇಟ್ಟು ಎದ್ದು ಅಂಗಳಕ್ಕೆ ಇಳಿದರು. ಡಿಲೀಟ್ ಮಾಡು ಎಂದು ಮತ್ತೊಮ್ಮೆ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಸ್ವೀಡಲ್ ಫೋನು ಕೈಗೆತ್ತಿಕೊಂಡಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಮ್ಮಿ ಒದ್ದೆ ಕೈಯನ್ನು ಒರೆಸಿಕೊಂಡು ಮುಂದೆ ಬಂದರು.

"ಫೋನ್ ಯಾರದ್ದು?"

"ನಿಮ್ಮದು."

"ಹಾಗಾದ್ರೆ ಇಲ್ಲಿ ಕೊಡು. ಚಾರ್ಜ್ ಇಲ್ಲ ಅದರಲ್ಲಿ," ಎಂದು ಮಮ್ಮಿ ಫೋನನ್ನು ಒಳಗೆ ತೆಗೆದುಕೊಂಡು ಹೋದರು.

* * *

ಶುಕ್ರವಾರ ಶಾಲೆಯ ಸಭಾಂಗಣದಲ್ಲಿ ಬ್ಯಾನರ್ ಕಟ್ಟಿದ್ದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಬಿಳಿ ಅಂಗಿ ತೊಟ್ಟ ಪಪ್ಪ. ಅವರ ಪಕ್ಕದಲ್ಲಿ ಸತ್ಯವತಿ ಟೀಚರ್. ಇನ್ನೊಂದು ಪಕ್ಕದಲ್ಲಿ ಆ ದಿನ ರಸ್ತೆಯಲ್ಲಿ ಗದರಿಸಿದ್ದ ಅದೇ ಖಾಕಿ ಉಡುಪಿನ ಹೆಂಗಸು. ಅವರ ಹೆಸರು ದೀಕ್ಷಿತಾ. ವಿಜೇತ್ ಹೊರಗೆ ಜಗಲಿಯಲ್ಲಿದ್ದ. ಕಿಟಕಿಯ ಸರಳುಗಳ ನಡುವೆ ಅವನ ಅರ್ಧ ಮುಖ ಕಾಣುತ್ತಿತ್ತು.

ಮಮ್ಮಿ ಬೆಳಿಗ್ಗೆ ಒಂದೂ ಮಾತಾಡದೆ ಫೋನನ್ನು ಸ್ವೀಡಲ್‌ನ ಬ್ಯಾಗಿಗೆ ಹಾಕಿದ್ದರು. ಈಗ ಅದನ್ನು ಅವಳ ಬೆಂಚಿನ ಮೇಲಿಟ್ಟು ಪ್ರೊಜೆಕ್ಟರಿಗೆ ಜೋಡಿಸಿದ್ದರು. ಪಪ್ಪನೂ ಅವಳೂ ಮೂರು ದಿನಗಳಿಂದ ಅದರ ಬಗ್ಗೆ ಮಾತಾಡಿರಲಿಲ್ಲ.

ಸ್ಟೇಟಸಿನ ಫೋಟೋ ಗೋಡೆಯ ಮೇಲೆ ಬಿತ್ತು. "ಓಹೋ!" ಎಂದು ಮಕ್ಕಳೆಲ್ಲ ಕೂಗಿದರು.

ದೀಕ್ಷಿತಾ ಎದ್ದು ಬಂದರು. "ಚಂದ ಉಂಟು. ದೂರದಿಂದ ತೆಗೆದದ್ದು ಅದಕ್ಕಿಂತ ಒಳ್ಳೇದು. ಆದ್ರೆ ಮಕ್ಕಳೇ, ಇಂಥ ಫೋಟೋ ನನ್ನ ಹತ್ತಿರ ರಾಶಿ ಉಂಟು. ಬೆಂಕಿ ದೊಡ್ಡದಾದ ಮೇಲೆ ಎಲ್ಲರೂ ಫೋಟೋ ತೆಗೀತಾರೆ. ಅದು ಸಣ್ಣದಿದ್ದಾಗ ಒಬ್ಬರೂ ತೆಗೆಯೋದಿಲ್ಲ. ಎಲ್ಲಿ ಹುಟ್ಟಿತು, ಯಾವ ಕಡೆ ತಿರುಗಿತು ಅಂತ ಗೊತ್ತಾದ್ರೆ ಮುಂದಿನ ವರ್ಷ ನಾವು ಅಲ್ಲೇ ಕಾದು ನಿಲ್ಲಬಹುದು." ಅವರು ಮಕ್ಕಳ ಕಡೆ ನೋಡಿದರು. "ಇದಕ್ಕಿಂತ ಮೊದಲಿನದ್ದು ಯಾರ ಹತ್ತಿರವಾದ್ರೂ ಉಂಟಾ?"

ಸ್ವೀಡಲ್ ಎದ್ದು ನಿಂತಳು.

"ಉಂಟು," ಎಂದಳು.

ಅವಳು ಪಪ್ಪನನ್ನು ನೋಡಿದಳು. ಪಪ್ಪ ಕೈಯಲ್ಲಿದ್ದ ಭಾಷಣದ ಕಾಗದವನ್ನು ಮಡಚುತ್ತಿದ್ದರು, ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದರು. ಆಮೇಲೆ ತಲೆಯೆತ್ತಿದರು.

"ಹಾಕು, ಬಾಯೇ."

ಗೋಡೆಯ ಮೇಲೆ ಪಾಗಾರ ಬಂತು. ಅದರ ಸಂದಿಯಲ್ಲಿ ಒಂದು ಚೂರು ಬೆಂಕಿ. ಯಾರೂ ಓಹೋ ಎನ್ನಲಿಲ್ಲ. ಪಪ್ಪ ವೇದಿಕೆಯಿಂದ ಇಳಿದು ಗೋಡೆಯ ಬಳಿಗೆ ಹೋಗಿ ನಿಂತರು. ಪ್ರೊಜೆಕ್ಟರಿನ ಬೆಳಕು ಅವರ ಮೇಲೆ ಬಿತ್ತು. ಆ ಚಿಕ್ಕ ಬೆಂಕಿ ಈಗ ಅವರ ಬಿಳಿ ಅಂಗಿಯ ಮೇಲೆ ಉರಿಯುತ್ತಿತ್ತು.

"ಈ ಪಾಗಾರ ನನ್ನದು. ಎಲೆಗೆ ಬೆಂಕಿ ಕೊಟ್ಟದ್ದೂ ನಾನು. ನಂದಿತೂಂತ ಗ್ರಹಿಸಿ ಊಟಕ್ಕೆ ಹೋದೆ," ಎಂದರು. ಅವರ ಕೈಯಲ್ಲಿ ಮೈಕ್ ಇರಲಿಲ್ಲ. ಆದರೂ ಕೊನೆಯ ಸಾಲಿನವರೆಗೆ ಕೇಳಿತು. "ಮಕ್ಕಳು ಮಾಡಿದ್ದೂಂತ ಹೇಳಿದ್ದೂ ನಾನೇ. ಅದು ಸುಳ್ಳು. ಮಂಗಳವಾರ ಇದನ್ನು ನೋಡಿಯೂ ನಾನು ಸುಮ್ಮನಿದ್ದೆ."

ಅವರು ಮಕ್ಕಳ ಸಾಲುಗಳ ನಡುವಿನಿಂದ ನಡೆದು ಜಗಲಿಗೆ ಹೋದರು.

"ವಿಜೇತ್, ನಿನ್ನ ಅಪ್ಪ ಮನೆಗೆ ಬರುವುದು ಎಷ್ಟು ಗಂಟೆಗೆ?"

"ಆರಕ್ಕೆ."

"ನಾನು ಬರ್ತೇನೇಂತ ಹೇಳು."

ಸತ್ಯವತಿ ಟೀಚರ್ ಮೈಕ್ ಹಿಡಿದಿದ್ದರು. ಏನೋ ಹೇಳಲು ಹೊರಟು ಮೈಕನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಬಾಗಿಲವರೆಗೆ ತಾವೇ ನಡೆದು ಹೋಗಿ, ವಿಜೇತ್‌ನ ಹೆಗಲ ಮೇಲೆ ಕೈಯಿಟ್ಟು, "ನಾನು ನಿನ್ನ ಮಾತು ಕೇಳ್ಬೇಕಿತ್ತು. ಒಳಗೆ ಬಾ ಮಗಾ," ಎಂದರು. ಆ ಮಾತು ಎಲ್ಲರಿಗೂ ಕೇಳಿಸಿತು. ಎಲ್ಲರಿಗೂ ಕೇಳಿಸುವಂತೆಯೇ ಅವರು ಹೇಳಿದ್ದರು.

ಪಪ್ಪ ವೇದಿಕೆಗೆ ಹಿಂದಿರುಗಲಿಲ್ಲ. ಕೊನೆಯ ಸಾಲಿನ ಚಿಕ್ಕ ಬೆಂಚಿನಲ್ಲಿ ಒಂದನೇ ಕ್ಲಾಸಿನ ಮಕ್ಕಳ ಪಕ್ಕ ಕೂತರು. ದೀಕ್ಷಿತಾ ಅವರತ್ತ ನೋಡಿ, "ಕಾರ್ಯಕ್ರಮ ಮುಗಿದ ಮೇಲೆ ಆ ಜಾಗವನ್ನು ನನಗೆ ತೋರಿಸಿ," ಎಂದರು. ಪಪ್ಪ ತಲೆಯಾಡಿಸಿದರು.

ವಿಜೇತ್ ಬಂದು ಸ್ವೀಡಲ್‌ನ ಬೆಂಚಿನ ತುದಿಯಲ್ಲಿ ಕೂತ.

"ಮುಂದಿನದ್ದು ಹಾಕು ಮಾರಾಯ್ತಿ," ಎಂದ ಅವನು ಪಿಸುಮಾತಿನಲ್ಲಿ. "ನಾನಿನ್ನೂ ಒಂದೂ ನೋಡ್ಲಿಲ್ಲ."

ಸ್ವೀಡಲ್ ಒತ್ತಿದಳು. ಬೆಂಕಿ ಗೋಡೆಯ ತುಂಬ ಎದ್ದಿತು. ಮತ್ತೊಮ್ಮೆ ಒತ್ತಿದಳು. ಹೊಗೆ, ಗಿಡುಗಗಳು, ಆ ಕೆಂಪು ಸೂರ್ಯ. ಆಮೇಲೆ, ಅಷ್ಟು ದೊಡ್ಡ ಜ್ವಾಲೆಯ ಬುಡದಲ್ಲಿ, ಒಂದು ಗೆಲ್ಲನ್ನು ಎತ್ತಿ ಹಿಡಿದ ಚಿಕ್ಕ ಕಪ್ಪು ಆಕೃತಿ.

ವಿಜೇತ್‌ನ ಬಾಯಿ ತೆರೆದೇ ಇತ್ತು.

"ಇಷ್ಟು ದೊಡ್ಡದಿತ್ತಾ?"

ಅವಳು ಆ ಬೆಂಕಿಯನ್ನು ಟೆರೇಸಿನಿಂದ ಪೂರ್ತಿಯಾಗಿ ನೋಡಿದ್ದಳು. ಇವನಿಗೆ ಅದು ಕಂಡೇ ಇರಲಿಲ್ಲ. ಇವನು ಅದರ ಎದುರಿಗೆ ನಿಂತಿದ್ದ.

ಅವಳು ಬೆಂಚಿನಲ್ಲಿ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.